ಉಳಿದವರು, ಹೊರಟವರು

1966ರ ಅಕ್ಟೋಬರ್ 18ರ ಸಂಜೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೆಂಟ್ರಲ್ ಹಾಲ್‌ನಲ್ಲಿ ಬ್ರಿಟನ್ನಿನ ಇವ್ಯಾಂಜೆಲಿಕಲ್ ಕ್ರೈಸ್ತರ ರಾಷ್ಟ್ರೀಯ ಸಮಾವೇಶ ಆರಂಭವಾಗಿತ್ತು. ಅಂದಿನ ಭಾಷಣಕಾರರು ಮಾರ್ಟಿನ್ ಲಾಯ್ಡ್-ಜೋನ್ಸ್. ವೇಲ್ಸ್ ಮೂಲದವರು, ಸೇಂಟ್ ಬಾರ್ಥಲೋಮ್ಯು ಆಸ್ಪತ್ರೆಯಲ್ಲಿ ಹೆಸರಾಂತ ವೈದ್ಯ ಥಾಮಸ್ ಹೋರ್ಡರ್ ಅವರ ಕೈಕೆಳಗೆ ಪಳಗಿದವರು. ಆ ವೃತ್ತಿಯನ್ನು ಬಿಟ್ಟು ಸುವಾರ್ತೆ ಸಾರಲು ಬಂದಿದ್ದರು. ಎಲ್ಲರಿಗೂ ಅವರು ‘ಡಾಕ್ಟರ್’. ಸಭೆಯ ಅಧ್ಯಕ್ಷರು ಜಾನ್ ಸ್ಟಾಟ್. ಲ್ಯಾಂಗಮ್ ಪ್ಲೇಸ್‌ನ ಆಲ್ ಸೋಲ್ಸ್ ಚರ್ಚಿನ ಸಭಾಪಾಲಕರು, 45ರ ವಯಸ್ಸು. ಲಂಡನ್ನಿನ ದೊಡ್ಡ ವೈದ್ಯರೊಬ್ಬರ ಮಗ.

ಲಾಯ್ಡ್-ಜೋನ್ಸ್ ಅಂದು ಕೇಳಿದ್ದು ಇಷ್ಟು: ಸತ್ಯವೇದದ ಮೂಲ ಬೋಧನೆಯನ್ನೇ ಒಪ್ಪದವರ ಜೊತೆ ಒಂದೇ ಚರ್ಚಿನಲ್ಲಿ ಇರುತ್ತೀರಿ, ಒಪ್ಪುವ ನಿಮ್ಮ ಸಹೋದರರಿಂದ ಮಾತ್ರ ದೂರ ಇರುತ್ತೀರಿ. ಇದು ಸರಿಯೇ? ಒಡಕು ಪಾಪವೆಂದು ಹೇಳುವ ನೀವು, ಈ ಒಡಕಿಗೆ ಏನು ಹೇಳುತ್ತೀರಿ? ಅವರು ಹೊಸ ಪಂಗಡವೊಂದನ್ನು ಕಟ್ಟಲು ಕರೆ ಕೊಟ್ಟರೋ, ಬಿಡಿ ಸಭೆಗಳು ಸಡಿಲವಾಗಿ ಒಂದುಗೂಡಲಿ ಎಂದಷ್ಟೇ ಹೇಳಿದರೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಕೇಳಿದವರ ಕಿವಿಗೆ ಮಾತ್ರ ಅದು ‘ಹೊರಗೆ ಬನ್ನಿ’ ಎಂದೇ ಕೇಳಿಸಿತು. ಕುಳಿತಿದ್ದವರಲ್ಲಿ ಎಷ್ಟೋ ಮಂದಿ ಯುವ ಆಂಗ್ಲಿಕನ್ ಪಾದ್ರಿಗಳು. ಮರುದಿನ ಬೆಳಿಗ್ಗೆಯೇ ರಾಜೀನಾಮೆ ಬರೆದು ಬಿಷಪ್‌ಗೆ ಕೊಟ್ಟುಬಿಡಬಹುದಾದ ಹುರುಪಿನವರು.

ಅಧ್ಯಕ್ಷರಾಗಿ ಸ್ಟಾಟ್ ಸಭೆಯನ್ನು ಮುಗಿಸಿಕೊಟ್ಟಿದ್ದರೆ ಸಾಕಿತ್ತು. ಅವರು ಎದ್ದು ನಿಂತು ಭಾಷಣಕಾರರನ್ನೇ ಅಲ್ಲಗಳೆದರು. ಚರಿತ್ರೆ ಡಾಕ್ಟರರ ವಾದಕ್ಕೆ ವಿರುದ್ಧವಾಗಿದೆ, ಸತ್ಯವೇದವೂ ವಿರುದ್ಧವಾಗಿದೆ, ದೇವರು ಉಳಿಸಿಕೊಂಡ ಶೇಷ ಜನ ಸಭೆಯ ಒಳಗಿದ್ದರೇ ಹೊರತು ಹೊರಗಲ್ಲ, ಯಾರೂ ಆತುರಪಡಬೇಡಿ ಎಂದರು. ಆಮೇಲೆ ಅವರು ಲಾಯ್ಡ್-ಜೋನ್ಸ್ ಅವರಲ್ಲಿ ಕ್ಷಮೆ ಕೇಳಿದರು. ಕ್ಷಮೆ ಕೇಳಿದ್ದು ಅಧ್ಯಕ್ಷ ಪೀಠವನ್ನು ಹಾಗೆ ಬಳಸಿಕೊಂಡದ್ದಕ್ಕೆ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಲಾಯ್ಡ್-ಜೋನ್ಸ್ ಅವರ ಆತಂಕಕ್ಕೆ ಕಾರಣಗಳಿದ್ದವು. 1963ರಲ್ಲಿ ವುಲಿಚ್‌ನ ಬಿಷಪ್ ಜಾನ್ ರಾಬಿನ್‌ಸನ್ ‘ಆನೆಸ್ಟ್ ಟು ಗಾಡ್’ ಎಂಬ ಪುಟ್ಟ ಪುಸ್ತಕ ಬರೆದು, ಮೇಲೆಲ್ಲೋ ಇರುವ ದೇವರ ಕಲ್ಪನೆಯನ್ನೇ ಪ್ರಶ್ನಿಸಿದ್ದರು. ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು, ಬಿಷಪ್ ಬಿಷಪ್ಪರಾಗಿಯೇ ಉಳಿದರು. ಮರುವರ್ಷ ನಾಟಿಂಗ್‌ಹ್ಯಾಮ್‌ನಲ್ಲಿ ಸೇರಿದ ಬ್ರಿಟಿಷ್ ಚರ್ಚುಗಳ ಸಮ್ಮೇಳನ 1980ರ ಈಸ್ಟರ್ ಹೊತ್ತಿಗೆ ಎಲ್ಲರೂ ಒಂದಾಗಬೇಕೆಂಬ ಗುರಿ ಇಟ್ಟುಕೊಂಡಿತು. ಏನನ್ನು ನಂಬಿ ಒಂದಾಗುವುದು ಎಂಬುದು ಲಾಯ್ಡ್-ಜೋನ್ಸ್ ಅವರ ಪ್ರಶ್ನೆ. ಸತ್ಯವೇದವೇ ಕೊನೆಯ ಪ್ರಮಾಣ, ಶಿಲುಬೆಯ ಮೇಲಿನ ಮರಣವೇ ಪಾಪಕ್ಕೆ ಪರಿಹಾರ, ಪ್ರತಿಯೊಬ್ಬರೂ ತಾವಾಗಿ ಮನ ತಿರುಗಿಸಿಕೊಂಡು ನಂಬಬೇಕು ಎನ್ನುವ ಇವ್ಯಾಂಜೆಲಿಕಲ್ ಜನರಿಗೆ ಅದು ಸಣ್ಣ ಪ್ರಶ್ನೆಯಾಗಿರಲಿಲ್ಲ.

ಹೊರಡಬೇಕೋ ಉಳಿಯಬೇಕೋ ಎಂಬ ಸಂಕಟ ಇಂಗ್ಲೆಂಡಿನಲ್ಲಿ ಅಂದು ಹುಟ್ಟಿದ್ದಲ್ಲ. 1662ರಲ್ಲಿ ಏಕರೂಪತೆಯ ಕಾಯಿದೆ ಬಂದಾಗ, ಹೊಸ ಪ್ರಾರ್ಥನಾ ಪುಸ್ತಕಕ್ಕೆ ಪೂರ್ಣ ಒಪ್ಪಿಗೆ ಕೊಡಲಾರದೆ ಸುಮಾರು 2000 ಮಂದಿ ಪ್ಯೂರಿಟನ್ ಪಾದ್ರಿಗಳು ಮನೆ, ಸಂಬಳ, ಪ್ರಸಂಗಪೀಠ ಎಲ್ಲವನ್ನೂ ಕಳೆದುಕೊಂಡರು. ಅವರು ಹೊರಟವರ ಪೂರ್ವಜರು. ಉಳಿದವರಿಗೂ ಒಬ್ಬ ಪೂರ್ವಜರಿದ್ದರು, ಚಾರ್ಲ್ಸ್ ಸಿಮಿಯನ್. 1782ರ ಕೊನೆಯಲ್ಲಿ ಕೇಂಬ್ರಿಡ್ಜ್‌ನ ಹೋಲಿ ಟ್ರಿನಿಟಿ ಚರ್ಚಿಗೆ ಬಂದ ಅವರ ಪ್ರಸಂಗ ಊರಿನ ದೊಡ್ಡವರಿಗೆ ಸಹಿಸಲಿಲ್ಲ. ಅವರು ತಮ್ಮ ಖಾಸಗಿ ಆಸನಗಳಿಗೆ ಬೀಗ ಹಾಕಿಕೊಂಡು ಮನೆಯಲ್ಲಿ ಕೂತರು. ನಡುದಾರಿಯಲ್ಲಿ ಸಿಮಿಯನ್ ಸ್ವಂತ ಖರ್ಚಿನಲ್ಲಿ ಹಾಕಿಸಿದ ಬೆಂಚುಗಳನ್ನು ಚರ್ಚಿನ ಮೇಲ್ವಿಚಾರಕರು ಎತ್ತಿ ಹೊರಗೆ ಎಸೆದರು. ಸಿಮಿಯನ್ ಹೋಗಲಿಲ್ಲ. 1836ರಲ್ಲಿ ತೀರಿಕೊಳ್ಳುವವರೆಗೆ, ಐವತ್ತಕ್ಕೂ ಹೆಚ್ಚು ವರ್ಷ, ಅದೇ ಪೀಠದಿಂದ ಸಾರಿದರು. ವಿಶ್ವವಿದ್ಯಾಲಯದ ಹುಡುಗರನ್ನು ತಲೆಮಾರುಗಟ್ಟಲೆ ತಿದ್ದಿದರು. ಪಾದ್ರಿಗಳನ್ನು ನೇಮಿಸುವ ಹಕ್ಕು ಆಗ ಕೊಳ್ಳಬಹುದಾದ ಆಸ್ತಿಯಾಗಿತ್ತು. ಅವರು ಆ ಹಕ್ಕುಗಳನ್ನು ಒಂದೊಂದಾಗಿ ಕೊಂಡು ಟ್ರಸ್ಟಿಗೆ ಒಪ್ಪಿಸಿದರು. 1799ರಲ್ಲಿ ಹುಟ್ಟಿದ ಚರ್ಚ್ ಮಿಷನರಿ ಸೊಸೈಟಿಯ ಹಿಂದಿದ್ದವರಲ್ಲಿ ಅವರೂ ಒಬ್ಬರು. ತಾಳ್ಮೆಯಿಂದ ಒಳಗೇ ಬೇರು ಬಿಡುವ ಈ ದಾರಿಯೇ ಸ್ಟಾಟ್ ಹಿಡಿದ ದಾರಿ.

ಸೆಂಟ್ರಲ್ ಹಾಲ್‌ನ ಘಟನೆಯಾಗಿ ಆರು ತಿಂಗಳೊಳಗೆ, 1967ರ ಏಪ್ರಿಲ್‌ನಲ್ಲಿ, ಕೀಲ್ ವಿಶ್ವವಿದ್ಯಾಲಯದಲ್ಲಿ ಸುಮಾರು ಸಾವಿರ ಆಂಗ್ಲಿಕನ್ ಇವ್ಯಾಂಜೆಲಿಕಲ್ ಪ್ರತಿನಿಧಿಗಳು ಸೇರಿದರು. ಸ್ಟಾಟ್ ಅವರದೇ ಅಧ್ಯಕ್ಷತೆ. ಆರಂಭದ ಭಾಷಣಕ್ಕೆ ಬಂದವರು ಆರ್ಚ್‌ಬಿಷಪ್ ಮೈಕಲ್ ರ್ಯಾಮ್ಸೆ. ಅವರು ಕ್ಯಾಥೊಲಿಕ್ ಸಂಪ್ರದಾಯದತ್ತ ಒಲಿದ ಆಂಗ್ಲೋ-ಕ್ಯಾಥೊಲಿಕ್ ಪಂಥದವರು. ಹತ್ತು ವರ್ಷ ಮೊದಲು ಅದನ್ನು ಯಾರೂ ಊಹಿಸುವಂತಿರಲಿಲ್ಲ. ಕೀಲ್‌ನ ಹೇಳಿಕೆಯಲ್ಲಿ ಪಶ್ಚಾತ್ತಾಪದ ಧ್ವನಿಯಿದೆ. ನಾವು ನಮ್ಮ ಮೂಲೆಯಲ್ಲಿ ಬೇಲಿ ಹಾಕಿಕೊಂಡು ಬದುಕಿದೆವು, ಸಮಾಜದ ಅನ್ಯಾಯಗಳಿಗೆ ಕಣ್ಣು ಮುಚ್ಚಿಕೊಂಡೆವು, ಇನ್ನು ಹಾಗಾಗದು; ಇಂಗ್ಲೆಂಡಿನ ಚರ್ಚಿನಲ್ಲೇ ಇದ್ದು ಅದರ ಆಡಳಿತ, ಆರಾಧನೆ, ಚರ್ಚೆ ಎಲ್ಲದರಲ್ಲೂ ಭಾಗವಹಿಸುತ್ತೇವೆ ಎಂದು ಅವರು ನಿಶ್ಚಯಿಸಿದರು. ಪ್ರಸಂಗವೇ ಆರಾಧನೆಯ ಜೀವ ಎನ್ನುತ್ತಿದ್ದವರು ಪ್ರತಿ ಭಾನುವಾರದ ಪ್ರಭು ಭೋಜನ ಸಂಸ್ಕಾರಕ್ಕೂ ಒಪ್ಪಿದರು. ನನ್ನ ಮಟ್ಟಿಗೆ 1966ರ ಸಂಜೆಗಿಂತ ಕೀಲ್ ದೊಡ್ಡ ಘಟನೆ. ಇವತ್ತಿನ ಸಂಕಟದ ಬೀಜವೂ, ಇವ್ಯಾಂಜೆಲಿಕಲ್ ಜನರ ಇವತ್ತಿನ ಬಲವೂ ಅಲ್ಲೇ ಇವೆ.

ಈ ಕಥೆಯ ಎರಡೂ ಕೊನೆಗಳನ್ನು ಒಂದೇ ಬಾಳಿನಲ್ಲಿ ಕಂಡವರು ಜೇಮ್ಸ್ ಪ್ಯಾಕರ್. 1926ರಲ್ಲಿ ಗ್ಲಾಸ್ಟರ್‌ಶೈರ್‌ನಲ್ಲಿ ಹುಟ್ಟಿದ ರೈಲ್ವೆ ಗುಮಾಸ್ತರ ಮಗ. ಏಳನೇ ವಯಸ್ಸಿನಲ್ಲಿ ಬ್ರೆಡ್ ವ್ಯಾನ್ ಬಡಿದು ತಲೆಬುರುಡೆಗೆ ಪೆಟ್ಟಾಗಿ, ಆಟಕ್ಕೆ ದೂರವಾದ ಹುಡುಗ. ಹನ್ನೊಂದನೇ ಹುಟ್ಟುಹಬ್ಬಕ್ಕೆ ಸೈಕಲ್ ಬಯಸಿದವನಿಗೆ ತಂದೆತಾಯಿ ಹಳೆಯ ಟೈಪ್‌ರೈಟರ್ ಕೊಟ್ಟರು. ಬಾಳೆಲ್ಲ ಅವರು ಅದನ್ನೇ ಕುಟ್ಟಿದರು. ಆಕ್ಸ್‌ಫರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಕ್ರೈಸ್ತ ಸಂಘಕ್ಕೆ ಯಾರೋ ದಾನ ಕೊಟ್ಟಿದ್ದ ಹಳೆಯ ಗ್ರಂಥಗಳ ರಾಶಿಯಲ್ಲಿ ಪ್ಯೂರಿಟನ್ ಜಾನ್ ಓವನ್‌ನ ಸಂಪುಟಗಳು ಸಿಕ್ಕಿದವು. ಆ ಓದಿನ ಹುಚ್ಚೇ ಅವರನ್ನು ಲಾಯ್ಡ್-ಜೋನ್ಸ್ ಹತ್ತಿರಕ್ಕೆ ತಂದಿತು. 1950ರಿಂದ ವೆಸ್ಟ್‌ಮಿನ್‌ಸ್ಟರ್ ಚಾಪೆಲ್‌ನಲ್ಲಿ ಇಬ್ಬರೂ ಸೇರಿ ವರ್ಷವರ್ಷವೂ ಪ್ಯೂರಿಟನ್ ಸಮ್ಮೇಳನ ನಡೆಸಿದರು.

ಗುರುವಿನಂತಿದ್ದ ಡಾಕ್ಟರ್ ಹೊರಗೆ ಕರೆದಾಗ ಪ್ಯಾಕರ್ ಹೋಗಲಿಲ್ಲ. ಆಗ ಅವರು ಆಕ್ಸ್‌ಫರ್ಡ್‌ನ ಲ್ಯಾಟಿಮರ್ ಹೌಸ್‌ನ ಮುಖ್ಯಸ್ಥರು. ಅವರ ತರ್ಕ ಸರಳ: ಇಂಗ್ಲೆಂಡಿನ ಚರ್ಚಿನ ಮೂಲ ದಾಖಲೆಗಳಾದ 39 ಸೂತ್ರಗಳು ಮತ್ತು 1662ರ ಪ್ರಾರ್ಥನಾ ಪುಸ್ತಕ ಸುಧಾರಣಾ ಯುಗದ ನಂಬಿಕೆಯವು, ನಮ್ಮವು. ಬಿಷಪ್‌ಗಳು ದಾರಿ ತಪ್ಪಿದರೆ ಪ್ರತಿಭಟಿಸಬೇಕಾದವರು ನಾವು, ಮನೆ ಬಿಡಬೇಕಾದವರಲ್ಲ.

ಇಲ್ಲಿ ನಮ್ಮ ನೆಲದ ನೆನಪು ಸಹಜವಾಗಿ ಬರುತ್ತದೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳವರು ಸೇರಿ ದಕ್ಷಿಣ ಇಂಡಿಯಾ ಸಭೆಯನ್ನು ಕಟ್ಟಿದರು. ಮೈಸೂರು ಸೀಮೆಯ ಮೆಥಡಿಸ್ಟ್ ಸಭೆಗಳೂ ಬೆಂಗಳೂರಿನ ಆಂಗ್ಲಿಕನ್ ಚರ್ಚುಗಳೂ ಅದರಲ್ಲಿ ಒಂದೇ ಚಾವಣಿಯ ಕೆಳಗೆ ಬಂದವು. ಬಿಷಪ್ ಪದವಿಯನ್ನು ಎಲ್ಲರೂ ಒಪ್ಪಿಕೊಂಡರು. ಬಿಷಪ್ಪರ ಕೈಯಿಂದ ದೀಕ್ಷೆ ಪಡೆಯದಿದ್ದ ಹಳೆಯ ಸಭಾಪಾಲಕರನ್ನು ಮರುದೀಕ್ಷೆಯಿಲ್ಲದೆ ಹಾಗೆಯೇ ಸ್ವೀಕರಿಸಿದರು. ಇದಕ್ಕೆ ಇಂಗ್ಲೆಂಡಿನ ಆಂಗ್ಲೋ-ಕ್ಯಾಥೊಲಿಕರು ಕೆಂಡವಾದರು. ಕವಿ ಟಿ. ಎಸ್. ಎಲಿಯಟ್ ಯೋಜನೆಯ ವಿರುದ್ಧ 1943ರಲ್ಲೇ ಕಿರುಹೊತ್ತಗೆ ಬರೆದಿದ್ದರು. ಚರ್ಚು ಬಿಟ್ಟು ಹೋಗುತ್ತೇವೆ ಎಂದು ಅಂದು ಬೆದರಿಸಿದವರು ಆಂಗ್ಲೋ-ಕ್ಯಾಥೊಲಿಕರೇ. ಮದ್ರಾಸಿನಲ್ಲಿ ನಡೆದದ್ದನ್ನು ಮಾದರಿ ಎಂದು ಕೊಂಡಾಡಿದವರು ಇವ್ಯಾಂಜೆಲಿಕಲ್ ಜನ. ಹೊರಟು ಹೋಗುವ ಬೆದರಿಕೆ ಒಂದೇ ಪಂಥದ ಸ್ವಭಾವವಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇಂಗ್ಲೆಂಡಿನಲ್ಲಿ ಆಂಗ್ಲಿಕನ್–ಮೆಥಡಿಸ್ಟ್ ಐಕ್ಯದ ಬೇರೆ ಯೋಜನೆಯೊಂದು ಬಂದಾಗ ಪ್ಯಾಕರ್ ದಕ್ಷಿಣ ಭಾರತದ ದಾರಿಯೇ ಪ್ರಾಮಾಣಿಕ ಎಂದು ವಾದಿಸಿದರು. ಯೋಜನೆ 1969ರಲ್ಲಿ ಸಾಕಷ್ಟು ಮತ ಸಿಗದೆ ಬಿದ್ದಿತು, 1972ರಲ್ಲಿ ಮತ್ತೆ ಬಿದ್ದಿತು. ನಡುವೆ 1970ರಲ್ಲಿ ಪ್ಯಾಕರ್ ಮತ್ತು ಕಾಲಿನ್ ಬ್ಯುಕ್ಯಾನನ್ ಇಬ್ಬರು ಆಂಗ್ಲೋ-ಕ್ಯಾಥೊಲಿಕರ ಜೊತೆ ಕೂಡಿ ಪರ್ಯಾಯ ಮಾರ್ಗದ ಪುಸ್ತಕ ಬರೆದರು. ಲಾಯ್ಡ್-ಜೋನ್ಸ್ ಅವರಿಗೆ ಅದು ಸೈರಿಸಲಾಗದ ರಾಜಿ. ಇಪ್ಪತ್ತು ವರ್ಷದ ಪ್ಯೂರಿಟನ್ ಸಮ್ಮೇಳನವನ್ನು ಅವರು ಅಲ್ಲಿಗೇ ನಿಲ್ಲಿಸಿದರು. ಒಬ್ಬರನ್ನೊಬ್ಬರು ಅಷ್ಟು ಗೌರವಿಸಿದ ಇಬ್ಬರು ಹೀಗೆ ಬೇರೆಯಾದದ್ದನ್ನು ಓದುವಾಗ ಇಂದಿಗೂ ಮನಸ್ಸು ನೋಯುತ್ತದೆ. ಸೆಂಟ್ರಲ್ ಹಾಲ್‌ನ ಬಿರುಕು ದುಬಾರಿಯಾದದ್ದು ಇಲ್ಲಿ: ಸ್ವತಂತ್ರ ಸಭೆಗಳ ಇವ್ಯಾಂಜೆಲಿಕಲ್ ಜನರಿಗೂ ಆಂಗ್ಲಿಕನ್ ಇವ್ಯಾಂಜೆಲಿಕಲ್ ಜನರಿಗೂ ನಡುವಿನ ನಂಬಿಕೆ ಒಂದು ತಲೆಮಾರಿಗೆ ಹೋಯಿತು.

ಉಳಿದವರಿಗೆ ಉಳಿದುದರ ಫಲ ಸಿಕ್ಕಿತು. ಅವರ ದೇವಶಾಸ್ತ್ರ ಕಾಲೇಜುಗಳು ತುಂಬಿದವು. ಇವ್ಯಾಂಜೆಲಿಕಲ್ ಹಿನ್ನೆಲೆಯ ಡೊನಾಲ್ಡ್ ಕಾಗನ್ 1974ರಲ್ಲಿ, ಜಾರ್ಜ್ ಕ್ಯಾರಿ 1991ರಲ್ಲಿ, ಜಸ್ಟಿನ್ ವೆಲ್ಬಿ 2013ರಲ್ಲಿ ಚರ್ಚಿನ ಅತ್ಯುನ್ನತ ಪೀಠವಾದ ಕ್ಯಾಂಟರ್‌ಬರಿಗೆ ಏರಿದರು. ಸ್ಟಾಟ್ 1974ರ ಲೋಸಾನ್ ಸಮ್ಮೇಳನದ ಒಡಂಬಡಿಕೆಯನ್ನು ರೂಪಿಸಿ, ಸುವಾರ್ತೆಯೂ ಸಾಮಾಜಿಕ ನ್ಯಾಯವೂ ಎರಡೂ ಕ್ರೈಸ್ತರ ಕರ್ತವ್ಯವೆಂದು ಜಗತ್ತಿನ ಇವ್ಯಾಂಜೆಲಿಕಲ್ ಜನರನ್ನು ಒಪ್ಪಿಸಿದರು. ಪ್ಯಾಕರ್ ಅವರ ‘ನೋಯಿಂಗ್ ಗಾಡ್’ 1973ರಲ್ಲಿ ಬಂದು ಮನೆಮನೆಗಳನ್ನು ಸೇರಿತು. 1979ರಲ್ಲಿ ಅವರು ಕೆನಡಾದ ವ್ಯಾಂಕೂವರ್‌ಗೆ ಪಾಠ ಹೇಳಲು ಹೋದರು.

ಆದರೆ ಸಂಖ್ಯೆ ಬೆಳೆದಷ್ಟೂ ಒಮ್ಮತ ಕರಗಿತು. 1992ರ ನವೆಂಬರ್ 11ರಂದು ಇಂಗ್ಲೆಂಡಿನ ಚರ್ಚಿನ ಆಡಳಿತ ಸಭೆಯಾದ ಜನರಲ್ ಸಿನಡ್ ಸ್ತ್ರೀಯರಿಗೆ ಗುರುದೀಕ್ಷೆ ಕೊಡಲು ಒಪ್ಪಿದಾಗ, ಜನಸಾಮಾನ್ಯರ ಸದನದಲ್ಲಿ ಬೇಕಾದ ಮೂರನೇ ಎರಡು ಪಾಲು ಸಿಕ್ಕಿದ್ದು ಎರಡೇ ಮತಗಳ ಅಂತರದಲ್ಲಿ. ಪರವಾಗಿಯೂ ಇವ್ಯಾಂಜೆಲಿಕಲ್ ಜನರಿದ್ದರು, ವಿರುದ್ಧವಾಗಿಯೂ ಇದ್ದರು. ಎರಡೂ ಕಡೆಯವರ ಕೈಯಲ್ಲಿ ಅದೇ ಸತ್ಯವೇದ. ಮರುವರ್ಷ ಸಂಪ್ರದಾಯದ ಕಡೆಯವರು ‘ರಿಫಾರ್ಮ್’ ಎಂಬ ಬಳಗ ಕಟ್ಟಿಕೊಂಡರು. ಒಂದೇ ಹೆಸರಿನ ಕೆಳಗೆ ಎರಡು ಮೂರು ಸೈನ್ಯಗಳು ನಿಂತದ್ದು ಆಗಿನಿಂದ.

ದೊಡ್ಡ ಬಿರುಕು ಸಲಿಂಗ ಸಂಬಂಧದ ಪ್ರಶ್ನೆಯಲ್ಲಿ ಬಂತು. 1998ರ ಲ್ಯಾಂಬೆತ್ ಸಮ್ಮೇಳನದಲ್ಲಿ ಜಗತ್ತಿನ ಆಂಗ್ಲಿಕನ್ ಬಿಷಪ್‌ಗಳು 526ಕ್ಕೆ 70 ಮತಗಳಿಂದ, ಸಲಿಂಗ ಆಚರಣೆ ಸತ್ಯವೇದಕ್ಕೆ ಹೊಂದುವುದಿಲ್ಲ ಎಂಬ ನಿರ್ಣಯ 1.10ನ್ನು ಅಂಗೀಕರಿಸಿದರು. ಸಲಿಂಗಿಗಳ ಮಾತನ್ನು ಆಲಿಸಬೇಕೆಂದೂ ಅದೇ ನಿರ್ಣಯ ಹೇಳಿತು. ಆ ಸಾಲನ್ನು ಎಷ್ಟೋ ಕಡೆ ಮರೆತರು. ಗೆದ್ದ ಮತಗಳಲ್ಲಿ ಆಫ್ರಿಕಾದ ಪಾಲು ದೊಡ್ಡದು. ಸಿಮಿಯನ್ ಕಾಲದ ಮಿಷನರಿ ಸೊಸೈಟಿ ಬಿತ್ತಿದ್ದು ನೈಜೀರಿಯಾ, ಉಗಾಂಡ, ರುವಾಂಡಗಳಲ್ಲಿ ಈಗ ಬೆಳೆದು ನಿಂತಿತ್ತು. ಇಂಗ್ಲೆಂಡಿನ ಒಳಗೆ ಅಲ್ಪಸಂಖ್ಯಾತರಾಗಿದ್ದ ಸಂಪ್ರದಾಯವಾದಿಗಳಿಗೆ ಹೊರಗೆ ಬಹುಮತ ಸಿಕ್ಕಿತು.

2002ರ ಜೂನ್‌ನಲ್ಲಿ ವ್ಯಾಂಕೂವರ್ ಇರುವ ನ್ಯೂ ವೆಸ್ಟ್‌ಮಿನ್‌ಸ್ಟರ್ ಡಯಾಸಿಸ್‌ನ ಸಿನಡ್ ಸಲಿಂಗ ಜೋಡಿಗಳನ್ನು ಆಶೀರ್ವದಿಸುವ ವಿಧಿಗೆ ಮತ ಕೊಟ್ಟಿತು. ಆ ಸಭಾಂಗಣದಿಂದ ಎದ್ದು ಹೊರಗೆ ನಡೆದವರಲ್ಲಿ 75ರ ಪ್ಯಾಕರ್ ಇದ್ದರು. 1966ರಲ್ಲಿ ಹೋಗದವರು ಈಗೇಕೆ ಹೊರಟರು ಎಂದು ಕೇಳಿದವರಿಗೆ ಅವರು ಬರೆದ ಉತ್ತರದ ತಿರುಳು ಇದು: ಒಬ್ಬ ಬಿಷಪ್ ತಪ್ಪು ಬೋಧಿಸುವುದು ಬೇರೆ, ಚರ್ಚೇ ಅಧಿಕೃತವಾಗಿ ಪಾಪವನ್ನು ಹರಸುವುದು ಬೇರೆ, ಎರಡನೆಯದು ಸುವಾರ್ತೆಯನ್ನೇ ಸುಳ್ಳಾಗಿಸುತ್ತದೆ. ಸ್ಟಾಟ್ ಕೂಡ ಉಳಿಯುವ ಮಾತಿಗೆ ಎಲ್ಲೆ ಹಾಕಿದ್ದವರೇ. ಚರ್ಚು ಮೂಲ ನಂಬಿಕೆಯೊಂದನ್ನು ಅಧಿಕೃತವಾಗಿ ನಿರಾಕರಿಸಿದರೆ ಹೊರಡಬೇಕಾದೀತು ಎನ್ನುತ್ತಿದ್ದರು. ಹಾಗಾಗಿ ಅರವತ್ತು ವರ್ಷದ ಜಗಳವೆಲ್ಲ, ನಾನು ಕಾಣುವಂತೆ, ಆ ಎಲ್ಲೆ ಎಲ್ಲಿದೆ ಎಂಬುದರ ಮೇಲೆ ನಡೆದ ಜಗಳ. ಕ್ರಿಸ್ತನ ಅವತಾರವನ್ನು ಅಲ್ಲಗಳೆದರೆ ಹೊರಡಬೇಕೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಮದುವೆಯ ಬೋಧನೆ ಅದೇ ತೂಕದ್ದೇ? ಇಲ್ಲಿ ಪ್ರಾಮಾಣಿಕರೇ ಎರಡಾಗಿದ್ದಾರೆ.

ಹೊರಡುವುದೆಂದರೆ ಏನೆಂದು ವ್ಯಾಂಕೂವರ್ ತೋರಿಸಿತು. 2003ರ ನವೆಂಬರ್‌ನಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಬಹಿರಂಗವಾಗಿ ಸಲಿಂಗಿಯಾಗಿದ್ದ ಜೀನ್ ರಾಬಿನ್‌ಸನ್ ಬಿಷಪ್ ಆಗಿ ಅಭಿಷಿಕ್ತರಾದ ಮೇಲೆ ಬೆಂಕಿ ಎಲ್ಲ ಕಡೆಗೂ ಹಬ್ಬಿತ್ತು. 2008ರ ಫೆಬ್ರವರಿಯಲ್ಲಿ ಪ್ಯಾಕರ್ ಸೇವೆ ಸಲ್ಲಿಸುತ್ತಿದ್ದ ಸೇಂಟ್ ಜಾನ್ಸ್ ಶಾನೆಸ್ಸಿ ಸಭೆ ತನ್ನ ಬಿಷಪ್ಪರನ್ನು ಬಿಟ್ಟು ದಕ್ಷಿಣ ಅಮೆರಿಕದ ಆರ್ಚ್‌ಬಿಷಪ್ಪರ ಆಶ್ರಯಕ್ಕೆ ಹೋಗಲು ಮತ ಹಾಕಿತು. ಸೇವೆಯನ್ನು ತೊರೆದಿದ್ದೀರೆಂದು ಭಾವಿಸಬೇಕಾಗುತ್ತದೆ ಎಂಬ ನೋಟಿಸು ಪ್ಯಾಕರ್ ಅವರಿಗೆ ಬಂತು. ಅವರು ತಮ್ಮ ಪರವಾನಗಿಯನ್ನು ಹಿಂದಿರುಗಿಸಿದರು. ಕಟ್ಟಡಕ್ಕಾಗಿ ಮೊಕದ್ದಮೆ ನಡೆದು ಕೆನಡಾದ ಸುಪ್ರೀಂ ಕೋರ್ಟಿನ ಬಾಗಿಲವರೆಗೆ ಹೋಯಿತು. ಆಸ್ತಿ ಡಯಾಸಿಸ್‌ನದೆಂದೇ ತೀರ್ಮಾನವಾಗಿ, 2011ರಲ್ಲಿ ಸಭೆಯವರು ಕಟ್ಟಡ ಖಾಲಿ ಮಾಡಿ ಬೇರೊಂದು ಚರ್ಚಿನಲ್ಲಿ ಆರಾಧನೆ ಮುಂದುವರಿಸಿದರು. ಅಷ್ಟರಲ್ಲಿ, 2008ರ ಜೂನ್‌ನಲ್ಲಿ, ಸಾವಿರಕ್ಕೂ ಹೆಚ್ಚು ಸಂಪ್ರದಾಯವಾದಿ ಆಂಗ್ಲಿಕನ್ನರು ಜೆರುಸಲೇಮಿನಲ್ಲಿ ಸೇರಿ ‘ಗ್ಯಾಫ್‌ಕಾನ್’ ಒಕ್ಕೂಟ ಕಟ್ಟಿದ್ದರು; 2009ರಲ್ಲಿ ಉತ್ತರ ಅಮೆರಿಕದಲ್ಲಿ ಹೊರಟವರ ಪ್ರತ್ಯೇಕ ಪ್ರಾಂತ್ಯವೇ ಹುಟ್ಟಿತು. ಪ್ಯಾಕರ್ ಅದರ ಪ್ರಶ್ನೋತ್ತರ ಬೋಧಿನಿಯನ್ನು ಸಂಪಾದಿಸಿಕೊಟ್ಟು, 2020ರ ಜುಲೈನಲ್ಲಿ 93ರ ವಯಸ್ಸಿನಲ್ಲಿ ತೀರಿಕೊಂಡರು. ಸ್ಟಾಟ್ 2011ರಲ್ಲೇ ತೀರಿಕೊಂಡಿದ್ದರು, ಕೊನೆಯವರೆಗೂ ಇಂಗ್ಲೆಂಡಿನ ಚರ್ಚಿನ ಪಾದ್ರಿಯಾಗಿ.

ಇನ್ನೊಂದು ಸಂಗತಿಯನ್ನು ಹೇಳದೆ ಈ ಚರಿತ್ರೆ ಬರೆಯಲಾಗದು. ಶ್ರೀಮಂತ ಶಾಲೆಗಳ ಹುಡುಗರಿಗಾಗಿ ಇ. ಜೆ. ಎಚ್. ನ್ಯಾಶ್ ನಡೆಸಿದ ಐವರ್ನ್ ಶಿಬಿರಗಳು ಇಂಗ್ಲೆಂಡಿನ ಇವ್ಯಾಂಜೆಲಿಕಲ್ ನಾಯಕರ ತೊಟ್ಟಿಲು. ಸ್ಟಾಟ್ ನಂಬಿಕೆಗೆ ಬಂದದ್ದು ನ್ಯಾಶ್ ಅವರಿಂದ, ವೆಲ್ಬಿ ತಾರುಣ್ಯದಲ್ಲಿ ಆ ಶಿಬಿರಗಳಲ್ಲಿ ದುಡಿದವರು. ಅದೇ ವಲಯದ ವಕೀಲ ಜಾನ್ ಸ್ಮೈತ್ 1970ರ ದಶಕದಿಂದ ಹುಡುಗರನ್ನೂ ತರುಣರನ್ನೂ ದೇವರ ಹೆಸರಿನಲ್ಲಿ ರಕ್ತ ಸುರಿಯುವಂತೆ ಬೆತ್ತದಿಂದ ಹೊಡೆದ. ಶಿಬಿರಗಳ ಹಿಂದಿದ್ದ ಪ್ರಮುಖರಿಗೆ 1982ರಲ್ಲೇ ವರದಿ ಸಿಕ್ಕಿತ್ತು. ಅವರು ಪೊಲೀಸರಿಗೆ ಹೇಳಲಿಲ್ಲ. ಅವನು ಆಫ್ರಿಕಾಕ್ಕೆ ಹೋಗಿ ಜಿಂಬಾಬ್ವೆಯ ಮಕ್ಕಳ ಮೇಲೂ ಅದನ್ನೇ ಮಾಡಿದ. ಬಲಿಯಾದವರು ನೂರಕ್ಕೂ ಹೆಚ್ಚು ಎಂದು 2024ರ ನವೆಂಬರ್‌ನಲ್ಲಿ ಪ್ರಕಟವಾದ ಮೇಕಿನ್ ವರದಿ ಹೇಳಿತು. ತಿಳಿದ ಮೇಲೂ ಸಾಕಷ್ಟು ಮಾಡಲಿಲ್ಲವೆಂಬ ಆಕ್ಷೇಪಕ್ಕೆ ಗುರಿಯಾಗಿ ಆರ್ಚ್‌ಬಿಷಪ್ ವೆಲ್ಬಿ ರಾಜೀನಾಮೆ ಕೊಟ್ಟರು. ಬಿಷಪ್‌ಗಳು ಶಿಸ್ತು ಕಾಯುತ್ತಿಲ್ಲ ಎಂದು ದಶಕಗಳಿಂದ ದೂರಿದ ಒಂದು ಚಳವಳಿ ತನ್ನದೇ ಅಂಗಳದಲ್ಲಿ ಮಕ್ಕಳನ್ನು ಕಾಯಲಿಲ್ಲ. ಚರ್ಚಿನ ಭವಿಷ್ಯದ ಬಗ್ಗೆ ಇವ್ಯಾಂಜೆಲಿಕಲ್ ಜನ ಮಾತಾಡುವಾಗಲೆಲ್ಲ ಈ ಗಾಯದ ಮುಂದೆ ನಿಂತೇ ಮಾತಾಡಬೇಕು.

ಇಂಗ್ಲೆಂಡಿನಲ್ಲಿ ಎಲ್ಲೆಯ ಪ್ರಶ್ನೆ ಮನೆಬಾಗಿಲಿಗೆ ಬಂದದ್ದು 2023ರ ಫೆಬ್ರವರಿಯಲ್ಲಿ. ಸಲಿಂಗ ಜೋಡಿಗಳಿಗಾಗಿ ಪ್ರಾರ್ಥನೆ ಮತ್ತು ಆಶೀರ್ವಾದಗಳನ್ನು ಸಿನಡ್ ಸ್ವಾಗತಿಸಿತು. ಅದಕ್ಕೆ ಕೆಲವೇ ತಿಂಗಳ ಮೊದಲು ಆಕ್ಸ್‌ಫರ್ಡಿನ ಬಿಷಪ್, ಇವ್ಯಾಂಜೆಲಿಕಲ್ ಬೇರಿನವರೇ ಆದ ಸ್ಟೀವನ್ ಕ್ರಾಫ್ಟ್, ತಮ್ಮ ಮನಸ್ಸು ಬದಲಾಯಿತೆಂದು ಪ್ರಬಂಧ ಬರೆದಿದ್ದರು. ಅದೇ ಊರಿನ ಸೇಂಟ್ ಎಬ್ಸ್ ಚರ್ಚಿನ ವಾನ್ ರಾಬರ್ಟ್ಸ್ ಒಪ್ಪಲಾರೆನೆಂದು ಉತ್ತರ ಬರೆದರು. ಸಲಿಂಗ ಆಕರ್ಷಣೆಯ ಜೊತೆಗಿನ ತಮ್ಮ ಹೋರಾಟವನ್ನು ಮೊದಲೇ ಬಹಿರಂಗವಾಗಿ ಹೇಳಿಕೊಂಡು, ಸಂಪ್ರದಾಯದ ಬೋಧನೆಯಂತೆ ಒಂಟಿಯಾಗಿ ಬಾಳುತ್ತಿರುವವರು ಅವರು. ಇಡೀ ವಾದದಲ್ಲಿ ಇಷ್ಟು ಮರ್ಯಾದೆಯಿಂದ ನಡೆದ ಮಾತುಕತೆ ಇನ್ನೊಂದಿಲ್ಲ.

2025ರ ಅಕ್ಟೋಬರ್ 3ರಂದು, ಹಿಂದೆ ನರ್ಸ್ ಆಗಿದ್ದ, ಲಂಡನ್ ಬಿಷಪ್ ಸಾರಾ ಮಲ್ಲಲಿ ಕ್ಯಾಂಟರ್‌ಬರಿಯ ಮುಂದಿನ ಆರ್ಚ್‌ಬಿಷಪ್ ಎಂದು ಘೋಷಣೆಯಾಯಿತು. ಆ ಪೀಠಕ್ಕೆ ಮೊದಲ ಮಹಿಳೆ. ಅಕ್ಟೋಬರ್ 16ರಂದು ಗ್ಯಾಫ್‌ಕಾನ್ ಅಧ್ಯಕ್ಷರಾದ ರುವಾಂಡದ ಆರ್ಚ್‌ಬಿಷಪ್ ಲಾರೆಂಟ್ ಎಂಬಾಂಡ ಹೇಳಿಕೆ ಹೊರಡಿಸಿದರು: ಕ್ಯಾಂಟರ್‌ಬರಿಯೂ ಬೇಡ, ಲ್ಯಾಂಬೆತ್ ಸಮ್ಮೇಳನವೂ ಬೇಡ, ಜಾಗತಿಕ ಆಂಗ್ಲಿಕನ್ ಐಕ್ಯ ಇನ್ನು ನಾವೇ. 1555ರಲ್ಲಿ ಸುಧಾರಣೆಯ ಪರ ನಿಂತ ಬಿಷಪ್‌ಗಳಾದ ಲ್ಯಾಟಿಮರ್ ಮತ್ತು ರಿಡ್ಲಿ ಆಕ್ಸ್‌ಫರ್ಡ್‌ನಲ್ಲಿ ಬೆಂಕಿಗೆ ಆಹುತಿಯಾದ ದಿನವೂ ಅಕ್ಟೋಬರ್ 16.

ಇಂಗ್ಲೆಂಡಿನ ಪ್ಯಾರಿಷ್‌ಗಳಲ್ಲಿ ಕೂತ ಇವ್ಯಾಂಜೆಲಿಕಲ್ ಜನರಿಗೆ ಆ ಹೇಳಿಕೆ ಅಷ್ಟು ಸುಲಭದ ಬಿಡುಗಡೆಯಲ್ಲ. ಅವರ ಚರ್ಚು ನಾಡಿನ ಕಾನೂನಿನೊಂದಿಗೆ ಹೆಣೆದುಕೊಂಡಿದೆ, ಅದರ 26 ಬಿಷಪ್‌ಗಳು ಪಾರ್ಲಿಮೆಂಟಿನಲ್ಲಿ ಕೂರುತ್ತಾರೆ; ಪಾದ್ರಿಯ ಮನೆ, ಸಂಬಳ, ಪರವಾನಗಿ, ಕಟ್ಟಡ ಯಾವುದನ್ನೂ ಕಂಕುಳಲ್ಲಿ ಇಟ್ಟುಕೊಂಡು ಹೊರಡಲಾಗದು. ಕೆಲವರು ಹೊರಟಿದ್ದಾರೆ. ಹೆಚ್ಚಿನವರು ಒಳಗಿನಿಂದಲೇ ಪ್ರತ್ಯೇಕ ಮೇಲ್ವಿಚಾರಣೆ ಕೇಳುತ್ತಿದ್ದಾರೆ. ಇನ್ನು ಕೆಲವರು, ಇವ್ಯಾಂಜೆಲಿಕಲ್ ಎಂದೇ ಕರೆದುಕೊಳ್ಳುತ್ತ, ಬದಲಾವಣೆಯ ಪರ ನಿಂತಿದ್ದಾರೆ. ಸಲಿಂಗ ಜೋಡಿಗಳಿಗೆ ಪ್ರತ್ಯೇಕ ಆರಾಧನಾ ವಿಧಿ ಬೇಕಾದರೆ ಸಿನಡ್‌ನ ಮೂರೂ ಸದನಗಳಲ್ಲಿ ಮೂರನೇ ಎರಡು ಪಾಲು ಮತ ಬೇಕೆಂದು 2025ರ ಅಕ್ಟೋಬರ್‌ನಲ್ಲೇ ಬಿಷಪ್‌ಗಳು ಸ್ಪಷ್ಟಪಡಿಸಿದರು. ಒಂದು ಸದನದಲ್ಲಿ ವಿರೋಧಿಗಳು ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚಿದ್ದರೂ ತಡೆಯಬಹುದು. 2021ರಲ್ಲಿ ಆಯ್ಕೆಯಾದ ಸಿನಡ್‌ನ ಐದು ವರ್ಷದ ಅವಧಿ 2026ಕ್ಕೆ ತೀರುತ್ತದೆ. ಆಗ ನಡೆಯುವ ಚುನಾವಣೆಯಲ್ಲಿ ಮತ ಇರುವುದು ಒಳಗೆ ಉಳಿದವರಿಗೆ ಮಾತ್ರ.